ಸೋಮವಾರ ಬೆಳಗಿನ ಕ್ಲೈಮ್ಯಾಕ್ಸ್

ಇಡೀ ಹಾಲ್ ನಕ್ಕಿತು. ಮೈಕ್ ಹಿಡಿದು ನಿಂತಿದ್ದ ಶೈಲಶ್ರೀಗೆ ತಾನು ಹೇಳಿದ್ದರಲ್ಲಿ ನಗುವಂಥದ್ದು ಏನಿದೆ ಎಂದು ಗೊತ್ತೇ ಆಗಲಿಲ್ಲ.

ಅವಳು ಹೇಳಿದ್ದು ಇಷ್ಟೇ. ಐವತ್ತರ ದಶಕದ ಆ ಜಪಾನೀ ಚಿತ್ರದಲ್ಲಿ ದೋಣಿ ದಾಟಿಸುವ ಹುಡುಗ, ಉಪ್ಪು ಮಾರುವವಳ ಮಗಳು. "ಕೊನೆಯಲ್ಲಿ ಅವಳು ಅವನ ದೋಣಿ ಹತ್ತಿ ಆಚೆ ದಡಕ್ಕೆ ಹೋಗ್ತಾಳಲ್ಲ, ಆ ದೃಶ್ಯ ನನಗೆ ತುಂಬ ಇಷ್ಟ."

ವೇದಿಕೆಯ ಮೇಲಿದ್ದ ಬ್ಯಾಪ್ಟಿಸ್ಟ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಉಡುಪಿಯ ಹಳೇ ಚಿತ್ರ ಬಳಗಕ್ಕೆ ಅವರೇ ಅಧ್ಯಕ್ಷರು, ರಿಟೈರ್ಡ್ ಪ್ರೊಫೆಸರ್. "ಅವಳು ಹೊಳೆಯಲ್ಲಿ ಮುಳುಗಿ ಸಾಯ್ತಾಳಲ್ಲಮ್ಮ! ನೀವು ಯಾವ ಫಿಲ್ಮ್ ನೋಡಿದ್ದು ಮಾರಾಯ್ರೆ?"

ಮತ್ತೊಂದು ಅಲೆ ನಗು. ಶೈಲಶ್ರೀ ಕುಳಿತುಬಿಟ್ಟಳು. ಕಿವಿ ಸುಡುತ್ತಿತ್ತು. ನಿಧಾನಕ್ಕೆ ಕತ್ತು ತಿರುಗಿಸಿ ಹಾಲಿನ ಹಿಂಬದಿಗೆ ನೋಡಿದಳು. ಪ್ರೊಜೆಕ್ಟರ್ ಮೇಜಿನ ಹಿಂದೆ, ಬಳಗದ ಸಿನಿಮಾ ಓಡಿಸುವ ಕರಿಬಸವ ಯಾವುದೋ ವಯರ್ ಹುಡುಕುವವನಂತೆ ಬಗ್ಗಿದ್ದ. ಅವತ್ತು ಸಿನಿಮಾ ಇರಲಿಲ್ಲ, ವರ್ಷಕ್ಕೊಂದು ಸಲದ ಸಂವಾದ ಅಷ್ಟೇ. ವಯರಿನ ಕೆಲಸವೇ ಇರಲಿಲ್ಲ.

ಅವಳು ಪಕ್ಕದಲ್ಲಿದ್ದ ಪ್ರೆಸಿಲ್ಲಾ ಟೀಚರ್ ಕಿವಿಯಲ್ಲಿ ಕೇಳಿದಳು. "ಟೀಚರ್, ಆ ಪೋಲೆಂಡಿನ ಸಿನಿಮಾದಲ್ಲಿ ಹುಡುಗಿ ರೈಲು ಹತ್ತುತ್ತಾಳೆ ಅಲ್ವಾ?"

"ಎಲ್ಲಿ ಹತ್ತುವುದು? ರೈಲು ಹೋಗಿ ಆಗಿತ್ತು."

"ರಷ್ಯಾದ ಸೈನಿಕ? ಮನೆಗೆ ಬಂದನಲ್ಲ?"

"ಅವನ ಟೊಪ್ಪಿ ಮಾತ್ರ ಬಂದದ್ದು."

"ಆ ಇಟಲಿಯ ಬೇಕರಿ ಗಂಡ ಹೆಂಡತಿ?"

"ಅಯ್ಯೋ, ಅದನ್ನು ಕೇಳಬೇಡಿ" ಎಂದು ಟೀಚರ್ ಕರವಸ್ತ್ರ ಹುಡುಕಿದರು.

ಒಂದು ವರ್ಷದಿಂದ ಶೈಲಶ್ರೀಯ ಮನಸ್ಸಿನಲ್ಲಿ ಸುಖವಾಗಿ ಸಂಸಾರ ಮಾಡಿಕೊಂಡಿದ್ದ ಜೋಡಿಗಳೆಲ್ಲ ಆ ಒಂದು ಬೆಂಚಿನ ಮೇಲೆ ಸಾಲಾಗಿ ಸತ್ತುಹೋದವು.

ಎಲ್ಲದಕ್ಕೂ ಕಾರಣ ಆ ಗೇಟು. ಅವಳಿದ್ದದ್ದು ಉಡುಪಿಯಲ್ಲಿ, ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲಿನಲ್ಲಿ. ಏಳು ಹೊಡೆಯಿತೋ, ವಾರ್ಡನ್ ಸಿಸ್ಟರ್ ಬೆನೆಡಿಕ್ಟಾ ಬೀಗ ಹಾಕಿದರು. ಎದುರುಗಡೆಯ ಗಂಡುಮಕ್ಕಳ ಲಾಡ್ಜಿಗೆ ಗೇಟೇ ಇಲ್ಲ! ಬಳಗದ ಸಿನಿಮಾ ಭಾನುವಾರ ಸಂಜೆ ಐದಕ್ಕೆ. ಐದಕ್ಕೆ ಶುರುವಾಗುತ್ತಿದ್ದದ್ದು ಮಾತ್ರ ಬ್ಯಾಪ್ಟಿಸ್ಟ್ ಸರ್ ಭಾಷಣ. ನಿರ್ದೇಶಕನ ಬಾಲ್ಯ, ಕ್ಯಾಮೆರಾದ ಕೋನ, ಎರಡನೇ ಮಹಾಯುದ್ಧ. ಯುದ್ಧ ಮುಗಿಯುವಷ್ಟರಲ್ಲಿ ಐದೂಮುಕ್ಕಾಲು. ಕಪ್ಪು ಬಿಳುಪಿನ ಆ ಚೆಂದದ ಮುಖಗಳು ಪರದೆಯ ಮೇಲೆ ಅಳುವುದೋ ನಗುವುದೋ ಎಂದು ಯೋಚಿಸುತ್ತಿರುವಾಗ ಶೈಲಶ್ರೀ ಚಪ್ಪಲಿ ಸದ್ದಾಗದಂತೆ ಎದ್ದು ಓಡಬೇಕಿತ್ತು. ಗಂಡಸರೆಲ್ಲ ಆರಾಮವಾಗಿ ಕಾಲು ಚಾಚಿ ಕೊನೆ ನೋಡುತ್ತಿದ್ದರು.

ಉಳಿದ ಕಥೆ ಸೋಮವಾರ ಬೆಳಿಗ್ಗೆ, ಮಣಿಪಾಲದ ಬಸ್ಸಿನಲ್ಲಿ.

ಅವಳು ಮಣಿಪಾಲದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಕರಿಬಸವ ಅಲ್ಲೇ ಒಂದು ಕಾಲೇಜಿನಲ್ಲಿ ಪ್ರೊಜೆಕ್ಟರ್, ಮೈಕ್ ನೋಡಿಕೊಳ್ಳುವವನು. ಕಾಪುವಿನಿಂದ ಬಂದು ಉಡುಪಿಯಲ್ಲಿ ಬಸ್ ಬದಲಿಸುತ್ತಿದ್ದ. ಅವಳಿಗೆ ಕಿಟಕಿ ಸೀಟು, ಅವನಿಗೆ ಮೇಲಿನ ಕಂಬಿ. "ಮತ್ತೆ ಎಂತ ಆಯ್ತು?" ಎಂದು ಅವಳು ಮುಖ ಮೇಲೆತ್ತಿ ಕೇಳಿದರೆ ಅವನು ಒಂದು ಕ್ಷಣ ಹೊರಗೆ ನೋಡುತ್ತಿದ್ದ, ಆಮೇಲೆ ಅವಳನ್ನು ನೋಡುತ್ತಿದ್ದ, ಆಮೇಲೆ ಶುರು ಮಾಡುತ್ತಿದ್ದ. ಎಷ್ಟು ಚೆಂದ ಹೇಳುತ್ತಿದ್ದ! ಹೊಳೆಯ ಮೇಲೆ ಮಂಜು, ಅವಳು ಕೈ ನೀಡಿದಳು, ಅವನು ಹುಟ್ಟು ಬಿಟ್ಟು ಆ ಕೈ ಹಿಡಿದ. ಬಸ್ಸು ತಿರುವಿನಲ್ಲಿ ವಾಲಿದಾಗ ಅವನ ಶರ್ಟಿನ ತೋಳು ಅವಳ ಭುಜಕ್ಕೆ ತಾಗಿತ್ತು. ಆ ವಾರವಿಡೀ ಅವಳು ರಕ್ತದ ಸ್ಯಾಂಪಲ್ಲುಗಳ ನಡುವೆ ಒಬ್ಬಳೇ ನಗುತ್ತಿದ್ದಳು.

ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯಿತು.

ಮರುದಿನ ಬಸ್ಸಿನಲ್ಲಿ ಅವನು ಬಂದು ಕಂಬಿ ಹಿಡಿದ. ಮುಖ ಬಾಡಿತ್ತು. "ಶೈಲಶ್ರೀ ಅವರೇ, ನಿನ್ನೆ..."

"ಮಾತಾಡಬೇಡಿ!"

"ಒಂದು ಸಲ ಕೇಳಿ..."

"ಎಷ್ಟು ಸಲ ಕೇಳುವುದು? ಪ್ರತಿ ಸೋಮವಾರ ಕೇಳಿದ್ದೇನಲ್ಲ! ಅವರಲ್ಲಿ ಒಬ್ಬರಾದರೂ ಬದುಕಿದ್ದಾರಾ?"

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಗಾಬರಿಯಾದ. "ಎಂತ ಅಕ್ಕ, ಯಾರು ತೀರಿಹೋದದ್ದು?"

"ಎಲ್ಲರೂ!" ಎಂದಳು ಶೈಲಶ್ರೀ.

ಮುಂದಿನ ಸೀಟಿನ ಹೆಂಗಸರು ತಿರುಗಿ ಕೂತರು. ಕರಿಬಸವ ದನಿ ತಗ್ಗಿಸಿದ. "ಮೊದಲನೇ ಸಲ ನಿಜ ಹೇಳಬೇಕು ಅಂತಲೇ ಬಂದಿದ್ದೆ. ನೀವು ಮುಖ ಎತ್ತಿ ನೋಡಿದಿರಿ. ಆ ಮುಖಕ್ಕೆ, ಅವಳು ಸತ್ತಳು ಅಂತ ಹೇಳ್ಲಿಕ್ಕೆ ಆಗಲಿಲ್ಲ. ಆಮೇಲೆ ನೀವು ನಕ್ಕಿರಿ. ಮುಂದಿನ ವಾರವೂ ಆ ನಗು ಬೇಕಾಯ್ತು ನನಗೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ಕರಗಿ ಕಿಟಕಿಯ ಸರಳಿಗೆ ಕೆನ್ನೆ ಒತ್ತಿಕೊಳ್ಳುತ್ತಿದ್ದಳೇನೋ. ಇವತ್ತು ಸಿಟ್ಟು ಇನ್ನೂ ಮೇಲೇರಿತು. ಶೈಲಶ್ರೀಯ ಅಪ್ಪ ಬಾಲಪ್ಪ ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಕಾರ್ಕಳದ ಕುಕ್ಕುಂದೂರಿನಲ್ಲಿ ನೆಲೆ ನಿಂತವನು. ಅವಳು ಶಾಲೆ ಕಲಿತದ್ದು ಇಲ್ಲಿ, ಮಾತಾಡುವುದು ಇಲ್ಲಿಯವರ ಹಾಗೆ. ಸಿಟ್ಟು ನೆತ್ತಿಗೇರಿದರೆ ಮಾತ್ರ ಅವ್ವ ಯಂಕವ್ವನ ಭಾಷೆಯೇ ಬಾಯಿಗೆ ಬರುತ್ತಿತ್ತು.

"ನಾನೇನ್ ಸಣ್ಣ ಕೂಸಾ? ಲ್ಯಾಬಿನಾಗ ಯಾರ ರಕ್ತದಾಗ ಏನೈತಿ ಅಂತ ಎಲ್ಲಾರಿಗಿಂತ ಮೊದಲ ನೋಡಾಕಿ ನಾನು! ಡಾಕ್ಟರ್‌ಗಿಂತ ಮೊದಲ! ಅದನ್ನ ನೋಡಿ ಊಟಾ ಮಾಡ್ತೀನಿ, ನಿದ್ದಿ ಮಾಡ್ತೀನಿ. ಒಂದು ಸಿನಿಮಾದಾಗಿನ ಸಾವು ನನಗ ತಡಕೊಳ್ಳಾಕ ಆಗೂದಿಲ್ಲಾ ಅಂತ ನಿಮಗ ಹೇಳಿದಾವ್ರ್ಯಾರು?"

ಕರಿಬಸವನೂ ಉತ್ತರ ಕರ್ನಾಟಕದವನೇ, ಕೊಪ್ಪಳ ಕಡೆಯವನು. ಅವನಪ್ಪ ಕಾಪುವಿನಲ್ಲಿ ಸಿಮೆಂಟ್ ಬ್ಲಾಕ್ ಮಾಡುವ ಕೆಲಸಕ್ಕೆ ಬಂದವನು. ಒಂದು ವರ್ಷ ಇಬ್ಬರೂ ಕರಾವಳಿಯ ನಯದಲ್ಲೇ ಮಾತಾಡಿಕೊಂಡಿದ್ದರು. ಈಗ ಅವನೂ ಜಾರಿದ.

"ತಪ್ಪಾತ್ರಿ."

"ತಪ್ಪಾತ್ರಿ ಅಂದ್ರ ಮುಗೀತಾ? ನನಗ ಸುಳ್ಳು ಕಟ್ಟಿ ಹೇಳೂ ಬದಲಿ, ಆ ಭಾಷಣ ಸಿನಿಮಾ ಮುಗದ ಮ್ಯಾಲ ಇಟ್ಟಿದ್ರ ನಾನ ಪೂರ್ತಿ ನೋಡ್ತಿದ್ದೆ! ಅದರ ಬಗ್ಗೆ ಒಂದ್ ಸಲನಾದ್ರೂ ಬಾಯಿ ಬಿಟ್ಟೀರಾ?"

ಅದು ಕರಿಬಸವನಿಗೆ ಹೊಳೆದೇ ಇರಲಿಲ್ಲ. ವರ್ಷವಿಡೀ ಕೂತು ಎಷ್ಟೋ ಕ್ಲೈಮ್ಯಾಕ್ಸ್ ಕಟ್ಟಿದವನಿಗೆ ಇದೊಂದು ಹೊಳೆದಿರಲಿಲ್ಲ! ಅವಳಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಇಳಿಯುವಾಗ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಮಂಗಳವಾರದಿಂದ ಅವಳು ಬೇರೆ ಬಸ್ ಹಿಡಿದಳು. ಬೇರೆ ಬಸ್ಸಿನ ಕಿಟಕಿಯಲ್ಲೂ ಅದೇ ರಸ್ತೆ, ಅದೇ ಮರಗಳು. ಮೇಲಿನ ಕಂಬಿಯಲ್ಲಿ ಮಾತ್ರ ಯಾರ್ಯಾರದೋ ಕೈಗಳು.

ಗುರುವಾರ ಲ್ಯಾಬಿಗೆ ಫೋನ್ ಬಂತು. ಅವನೇ. "ಬ್ಯಾಪ್ಟಿಸ್ಟ್ ಸರ್ ಹತ್ತಿರ ಕೇಳಿದೆ. ಭಾಷಣ ಇಲ್ಲದೆ ಜನರಿಗೆ ಸಿನಿಮಾ ಅರ್ಥ ಆಗಲಿಕ್ಕಿಲ್ಲ ಅಂದರು. ಒಂದಿಬ್ಬರು ಹಾಸ್ಟೆಲ್ ಹುಡುಗಿಯರಿಗಾಗಿ ಕ್ರಮ ಬದಲಾಯಿಸಲಿಕ್ಕೆ ಆಗುವುದಿಲ್ಲವಂತೆ."

"ನೀವೆಂತ ಹೇಳಿದಿರಿ?"

"ಸರಿ ಸರ್ ಅಂದೆ."

ಅವಳು ಫೋನ್ ಇಟ್ಟಳು. ಇಟ್ಟ ಸದ್ದಿಗೆ ಪಕ್ಕದ ಟೇಬಲಿನವಳು ಬೆಚ್ಚಿದಳು. ಸರಿ ಸರ್ ಅಂತೆ! ಇಂಥವನ ತೋಳು ತಾಗಿದ್ದಕ್ಕೆ ತಾನು ಒಂದು ವಾರ ನಕ್ಕಿದ್ದೆ ಎಂದು ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

ಭಾನುವಾರ ಹೋಗುವುದಿಲ್ಲ ಎಂದುಕೊಂಡಿದ್ದವಳು ಹೋದಳು. ಯಾಕೆ ಹೋಗಬಾರದು? ಸದಸ್ಯತ್ವದ ಕಾರ್ಡು ಅವಳದೂ ಇತ್ತು. ಮೊದಲ ಸಾಲಿನಲ್ಲೇ ಕೂತಳು. ಹಿಂದಿನ ವಾರ ನಕ್ಕವರು ಅವಳನ್ನು ಕಂಡು ಪಿಸುಗುಟ್ಟಿದರು. ಐದಕ್ಕೆ ಸರಿಯಾಗಿ ಬ್ಯಾಪ್ಟಿಸ್ಟ್ ಸರ್ ಪರದೆಯ ಮುಂದೆ ಬಂದು ಗಂಟಲು ಸರಿಪಡಿಸಿಕೊಂಡರು.

"ಇವತ್ತಿನ ಹಂಗೇರಿಯ ಚಿತ್ರವನ್ನು ಅರ್ಥ ಮಾಡಿಕೊಳ್ಳಬೇಕಾದರೆ..."

ಶೈಲಶ್ರೀ ಎದ್ದು ನಿಂತಳು. "ಸರ್, ಕಳೆದ ವಾರ ನೀವು ಕೇಳಿದಿರಿ, ಯಾವ ಫಿಲ್ಮ್ ನೋಡಿದ್ದು ಅಂತ. ಇಲ್ಲಿ ತೋರಿಸಿದ್ದನ್ನೇ ನೋಡಿದ್ದು ಸರ್. ಮುಕ್ಕಾಲು ಭಾಗ. ಉಳಿದ ಕಾಲು ಭಾಗದ ಹೊತ್ತನ್ನು ನಿಮ್ಮ ಭಾಷಣ ತಿಂದಿದೆ. ನಮ್ಮ ಹಾಸ್ಟೆಲಿಗೆ ಏಳಕ್ಕೆ ಬೀಗ. ಭಾಷಣ ಕಡೆಗೆ ಇಡಿ. ಬೇಕಾದವರು ಕೂತು ಕೇಳಲಿ."

"ಕೂತ್ಕೊಳ್ಳಮ್ಮ, ಅದೆಲ್ಲ ಕಮಿಟಿಯಲ್ಲಿ ಮಾತಾಡುವ."

"ಕಮಿಟಿಯಲ್ಲಿ ಹೆಂಗಸರು ಎಷ್ಟು ಜನ ಇದ್ದಾರೆ ಸರ್?"

ಈ ಸಲ ಯಾರೂ ನಗಲಿಲ್ಲ. ಪ್ರೆಸಿಲ್ಲಾ ಟೀಚರ್ ಮಾತ್ರ ಚಪ್ಪಾಳೆಯಂಥದ್ದೊಂದು ಸದ್ದು ಮಾಡಿ ಸುಮ್ಮನಾದರು. ಸರ್ ಮುಖ ಕೆಂಪಾಯಿತು. ಅವಳನ್ನು ಬಿಟ್ಟು ಸಭೆಯ ಕಡೆ ತಿರುಗಿದರು. "ಹಂಗೇರಿಯ ಆ ಕಾಲದ ರಾಜಕೀಯ ಪರಿಸ್ಥಿತಿ..."

ಹಾಲಿನ ದೀಪಗಳು ಆರಿದವು.

ಹಿಂದಿನಿಂದ ಬೆಳಕಿನ ಕೋಲೊಂದು ತಲೆಗಳ ಮೇಲಿಂದ ಹಾದು ಬಂತು. ಹಂಗೇರಿಯ ಬೀದಿ, ಹಿಮ, ಕುದುರೆಗಾಡಿ ಎಲ್ಲ ಬ್ಯಾಪ್ಟಿಸ್ಟ್ ಸರ್ ಬಿಳಿ ಶರ್ಟಿನ ಮೇಲೆ ಓಡಾಡತೊಡಗಿದವು. "ಏಯ್! ಯಾರದು? ಬಸವ, ಲೈಟ್ ಹಾಕು!"

ಕತ್ತಲೆಯಿಂದ ಅವನ ದನಿ ಬಂತು. "ಇಲ್ಲ ಸರ್. ನೀವು ಪರದೆಗೆ ಅಡ್ಡ ಇದ್ದೀರಿ. ದಯವಿಟ್ಟು ಕೂತ್ಕೊಳ್ಳಿ."

ನಾಯಕಿಯ ಮುಖ ಸರ್ ಹೊಟ್ಟೆಯ ಮೇಲೆ ದೊಡ್ಡದಾಗಿ ನಕ್ಕಿತು. ಅವರು ಎರಡು ಕೈಯಿಂದ ಅದನ್ನು ಒರೆಸುವವರಂತೆ ಮಾಡಿ, ಕೊನೆಗೆ ಗೊಣಗುತ್ತ ಪಕ್ಕಕ್ಕೆ ಸರಿದರು. ಶೈಲಶ್ರೀ ಕತ್ತು ತಿರುಗಿಸಿದಳು. ಬೆಳಕಿನ ಹಿಂದೆ ಅವನ ಮುಖ ಕಾಣುತ್ತಿರಲಿಲ್ಲ. ಆದರೂ ಅವನು ತನ್ನನ್ನೇ ನೋಡುತ್ತಿದ್ದಾನೆಂದು ಅವಳ ಬೆನ್ನಿಗೆ ಗೊತ್ತಿತ್ತು.

ಅವಳು ಪೂರ್ತಿ ನೋಡಿದಳು. ಗಡಿಯಾರ ರಿಪೇರಿ ಮಾಡುವವನೊಬ್ಬ ಊರು ಬಿಟ್ಟುಹೋದ ಹುಡುಗಿಗಾಗಿ ಮುದುಕನಾಗುವವರೆಗೆ ಕಾಯುತ್ತಾನೆ. ಅವಳು ಬರುತ್ತಾಳೆ. ಅವನಿಗೆ ಅವಳ ಗುರುತು ಹತ್ತುವುದಿಲ್ಲ. ಅಷ್ಟೇ, ಪರದೆ ಕಪ್ಪಾಯಿತು. ಶೈಲಶ್ರೀ ಬಿಕ್ಕಿ ಬಿಕ್ಕಿ ಅತ್ತಳು. ಇಂಥ ಅಳುವನ್ನು ಒಂದು ವರ್ಷ ತನ್ನಿಂದ ಬಚ್ಚಿಟ್ಟಿದ್ದರಲ್ಲ ಎಂಬ ಸಿಟ್ಟೂ ಅದರಲ್ಲಿತ್ತು, ಹೇಳಲಾಗದ ಒಂದು ಸುಖವೂ ಇತ್ತು.

ಹೊರಗೆ ಇನ್ನೂ ಬೆಳಕಿತ್ತು. ಒಳಗೆ ಸರ್ ಭಾಷಣ ಶುರುವಾಗಿತ್ತು, ಆಶ್ಚರ್ಯವೆಂದರೆ ಬಹಳ ಜನ ಕೂತಿದ್ದರು. ಕರಿಬಸವ ಮೆಟ್ಟಿಲು ಇಳಿದು ಅವಳ ಜೊತೆಯಾದ. ಇಬ್ಬರೂ ಹಾಸ್ಟೆಲಿನ ದಾರಿ ಹಿಡಿದರು.

"ನನ್ನನ್ನು ಬಳಗದಿಂದ ತೆಗೆದುಹಾಕ್ತಾರೋ ಏನೋ" ಎಂದ ಅವನು.

"ಹಾಕಲಿ. ನಾನೂ ಬಿಡ್ತೇನೆ. ಬೇರೆ ಬಳಗ ಮಾಡುವ."

ಅವನು ನಕ್ಕ. ಅವಳು ನಗಲಿಲ್ಲ, ಕಣ್ಣು ಇನ್ನೂ ಒದ್ದೆ. "ಸಿಟ್ಟು ಹೋಗಲಿಲ್ಲವಾ?" ಎಂದು ಅವನು ಕೇಳಿದ.

"ಇಲ್ಲ. ಸರಿ ಸರ್ ಅಂದದ್ದು ಯಾರು?"

"ನಾನೇ. ನೀವು ಎದ್ದು ನಿಂತಾಗ ನಾಚಿಕೆ ಆಯ್ತು. ಕೈ ತಾನಾಗಿ ಸ್ವಿಚ್ಚಿಗೆ ಹೋಯ್ತು." ಅವನು ನಿಂತ. ಗೇಟು ಎದುರಿಗೇ ಇತ್ತು. ಕರಾವಳಿಯ ನಯವೆಲ್ಲ ಬಿಟ್ಟು, ಮನೆಯ ಮಾತಿನಲ್ಲಿ, ಒಂದೇ ಉಸಿರಿಗೆ ಹೇಳಿದ. "ನೀವಂದ್ರ ನನಗ ಭಾಳ ಇಷ್ಟರೀ. ಅವತ್ತಿಂದನೂ. ಇದರಾಗ ಸುಳ್ಳಿಲ್ಲ. ಆದ್ರ ಇದರ ಕೊನಿ ಏನಂತ ನನಗ ಗೊತ್ತಿಲ್ಲ."

ಶೈಲಶ್ರೀ ಅವನನ್ನು ನೋಡಿದಳು. ಕೆಳಗಿನಿಂದ ಮುಖ ಎತ್ತಿ ನೋಡುವ ಬಸ್ಸಿನ ನೋಟವಲ್ಲ, ಕಣ್ಣಿಗೆ ಕಣ್ಣಿಟ್ಟ ನೋಟ.

"ಗೊತ್ತಿದ್ರೂ ನನಗ ಹೇಳಬ್ಯಾಡ್ರಿ. ನಾ ಕುಂತ ನೋಡ್ತೀನಿ, ಪೂರ್ತಿ."

ಗೇಟಿನೊಳಗೆ ಬೀಗದ ಕೈ ಸದ್ದಾಯಿತು. "ಶೈಲಶ್ರೀ! ಟೈಮ್ ಆಯ್ತು, ಒಳಗೆ ಬಾ!" ಎಂದರು ಸಿಸ್ಟರ್ ಬೆನೆಡಿಕ್ಟಾ.

ಅವಳು ತಿರುಗಲಿಲ್ಲ. ಅವನ ಶರ್ಟಿನ ತೋಳನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡೇ ಕೂಗಿದಳು.

"ಏಳು ಆಗ್ಲಿಕ್ಕೆ ಇನ್ನೂ ಉಂಟು ಸಿಸ್ಟರ್!"