ಸಮುದ್ರ ನುಂಗಿದ ಊರಿನ ಹೆಸರು

“ನಿಮ್ಮ ವಂಶದವರಿಗೆ ಮನೆ ಉಳಿಸ್ಕೊಳ್ಳೋಕೆ ಬರಲ್ಲ ಕಣಯ್ಯಾ, ಸಮುದ್ರಕ್ಕೆ ಬೀಳಿಸ್ಕೊಳ್ಳೋಕೆ ಮಾತ್ರ ಬರುತ್ತೆ. ಆ ದರಿದ್ರ ಹೆಸರಿಗೆ ನನ್ನ ಮಗಳು ಬೇರೆ ಬೇಕಾ?”

ನಾನು ಮದುವೆಯಾಗಬೇಕಿದ್ದ ಹೆಸ್ಟರ್‌ಳ ಅಪ್ಪ ಗಾರ್ಸೈಡ್ ಇದನ್ನು ಹೇಳಿದ್ದು ಚರ್ಚಿನ ಬಾಗಿಲಲ್ಲಿ, ಊರೆಲ್ಲ ಟೀ ಕಪ್ ಹಿಡಿದು ನಿಂತಿದ್ದಾಗ. ಯಾರೋ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದರು. ಯಾರೋ ನಕ್ಕರು. ನಾನು ಅವರ ಅಪ್ಪ, ಅಜ್ಜನನ್ನೂ ಸೇರಿಸಿ ವಾಪಸ್ ಬೈದೆ. ಕೈಯೂ ಎತ್ತುತ್ತಿದ್ದೆ. ಪಾದ್ರಿ ನನ್ನ ತೋಳು ಹಿಡಿದು ಗೇಟಿನಾಚೆ ಬಿಟ್ಟು ಬಂದರು.

ಅದು ಮೊದಲ ಭಾನುವಾರ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಚರ್ಚಿನಲ್ಲಿ ಕೂಗುತ್ತಾರೆ. ತಕರಾರಿದ್ದವರು ಎದ್ದು ಹೇಳಬಹುದು. ಹುಡುಗಿ ಮಾತ್ರ ಆಗ ಅಲ್ಲಿರಬಾರದು. ತನ್ನ ಹೆಸರು ಕೂಗಿದ್ದನ್ನು ತಾನೇ ಕೇಳಿದರೆ ಹುಟ್ಟುವ ಮಗು ಕಿವುಡಾಗುತ್ತೆ ಅಂತ ಊರಿನ ಅಜ್ಜಿಯರು ಈಗಲೂ ನಂಬುತ್ತಾರೆ.

ಹಾಗಾಗಿ ಹೆಸ್ಟರ್ ತಾನು ಕೆಲಸ ಮಾಡುವ ಲೈಬ್ರರಿಯ ಹಿಂದಿನ ಕಲ್ಲುಗೋಡೆ ಮೇಲೆ ಕೂತು ಕಾಯುತ್ತಿದ್ದಳು. ನನ್ನ ಮುಖ ನೋಡಿದ್ದೇ ಕೇಳಿದಳು, “ಅಪ್ಪನಾ?”

“ಇನ್ಯಾರು.”

“ನೀನೂ ಸುಮ್ನಿರಲಿಲ್ಲ ತಾನೇ?”

ನಾನು ಸುಮ್ಮನಿರುವವನಲ್ಲ. ಹದಿನೈದಕ್ಕೇ ಸ್ಕೂಲು ಬಿಟ್ಟಿದ್ದೂ ಹಾಗೇ. ನನ್ನ ಹೆಸರನ್ನು ಆಡಿಕೊಂಡ ಮೇಷ್ಟರ ಮೇಲೆ ಕುರ್ಚಿ ಎಸೆದಿದ್ದೆ. ಈಗ ಏಡಿ ಹಿಡಿಯುತ್ತೇನೆ. ಏಡಿಗಳು ಹೆಸರು ಕೇಳುವುದಿಲ್ಲ.

ಹೆಸ್ಟರ್ ಕೇಳಿದ್ದಳು. ಎರಡು ವರ್ಷದ ಹಿಂದೆ ಲೈಬ್ರರಿ ಕಾರ್ಡಿನ ಫಾರ್ಮಿನ ಮೇಲೆ ‘ನೆಡ್ ಸ್ಕೆಲ್‌ಥಾರ್ಪ್’ ಅಂತ ಬರೆದುಕೊಟ್ಟಾಗ ಕನ್ನಡಕದ ಮೇಲಿಂದ ಮೊದಲು ಹೆಸರನ್ನು ನೋಡಿದಳು, ಆಮೇಲೆ ನನ್ನನ್ನು, ಮತ್ತೆ ಹೆಸರನ್ನು. “ಇದು ನಿಜವಾದ ಹೆಸರಾ? ಇಲ್ಲ, ಪುಸ್ತಕ ವಾಪಸ್ ಕೊಡಬಾರದು ಅಂತ ಮಾಡ್ಕೊಂಡಿದ್ದಾ?” ಅವಳ ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು. ಜೀವನದಲ್ಲಿ ಮೊದಲ ಸಲ ಆ ಹೆಸರಿನ ಬಗ್ಗೆ ಯಾರೋ ಏನೋ ಅಂದರೂ ನನಗೆ ಸಿಟ್ಟು ಬರಲಿಲ್ಲ.

ಚರ್ಚಿನ ಹಳೇ ರಿಜಿಸ್ಟರುಗಳನ್ನೆಲ್ಲ ಅವಳೇ ಹುಡುಕಿದಳು. ನಮಗೆ ಮೊದಲು ಈ ಹೆಸರೇ ಇರಲಿಲ್ಲವಂತೆ. ಸ್ಕೆಲ್‌ಥಾರ್ಪ್ ಅನ್ನೋದು ಒಂದು ಊರು. ಸಾವಿರ ವರ್ಷದ ಹಿಂದೆ ದೋಣಿಯಲ್ಲಿ ಬಂದ ಸ್ಕೆಲ್ ಅನ್ನೋ ಡೇನಿಷ್ ಮನುಷ್ಯ ಕಟ್ಟಿದ್ದು. ನಾನೂರು ವರ್ಷದ ಹಿಂದೆ ಚಳಿಗಾಲವೊಂದರಲ್ಲಿ ಸಮುದ್ರ ಅದನ್ನು ನುಂಗಿತು. ಉಳಿದವರು ಇಲ್ಲಿಗೆ ಓಡಿಬಂದರು. ಊರವರು ಅವರವರ ಹೆಸರು ಕೇಳುವ ಗೋಜಿಗೇ ಹೋಗದೆ ಎಲ್ಲರನ್ನೂ ಸ್ಕೆಲ್‌ಥಾರ್ಪಿನವರು ಅಂದುಬಿಟ್ಟರು. ಜಾಗವನ್ನೂ ಕೊಟ್ಟರು, ವರ್ಷವರ್ಷವೂ ಸಮುದ್ರಕ್ಕೆ ಕುಸಿಯುವ ಎತ್ತರದ ಮಣ್ಣುದಂಡೆಯ ಅಂಚಿನಲ್ಲಿ. ಕೊಟ್ಟವನು ಒಬ್ಬ ಗಾರ್ಸೈಡ್.

ಆಮೇಲೆ ನಮ್ಮ ನಾಲ್ಕು ಮನೆ ನೀರಿಗೆ ಹೋದವು. ಈಗಿನದು ಐದನೆಯದು. ಹಿತ್ತಲ ಬಾಗಿಲಿನಿಂದ ಅಂಚಿಗೆ ಹನ್ನೊಂದು ಹೆಜ್ಜೆ. ಊರೊಳಗೆ ಬಾಡಿಗೆಗೆ ಮನೆ ಸಿಗುವುದಿಲ್ಲ, ಇದ್ದಬದ್ದ ಮನೆಗಳೆಲ್ಲ ಬೇಸಿಗೆಯ ಪ್ರವಾಸಿಗಳ ಪಾಲು. ಗಾರ್ಸೈಡ್ ನನ್ನನ್ನು ಹೊಸ್ತಿಲು ದಾಟಿಸುವುದಿಲ್ಲ. ಮದುವೆಯಾದರೆ ಹೆಸ್ಟರ್ ಆ ಮನೆಗೇ ಬರಬೇಕು.

“ಬರ್ತೀನಿ,” ಅಂದಿದ್ದಳು. “ನೀನು ಹೆದರಲ್ಲ ಅಂದ್ರೆ ನಾನೂ ಹೆದರಲ್ಲ.”

ಹೆದರಲ್ಲ ಅಂದೆ. ಅವಳ ಬೆರಳುಗಳನ್ನು ನನ್ನ ಕೋಟಿನ ಜೇಬಿಗೆ ಎಳೆದುಕೊಂಡು, ಅವಳ ಕಣ್ಣು ನೋಡದೆ.

ಎರಡನೇ ಭಾನುವಾರ ಚರ್ಚಿನಿಂದ ಮನೆಗೆ ಬಂದಾಗ ಹಿತ್ತಲಲ್ಲಿ ಏಡಿ ಬೋನುಗಳ ಶೆಡ್ ಇರಲಿಲ್ಲ. ಕೆಳಗೆ ಕೆಸರುನೀರಿನಲ್ಲಿ ಅದರ ತಗಡು ಹೊಳೆಯುತ್ತಿತ್ತು. ಅಂಚಿಗೆ ನಾಲ್ಕು ಹೆಜ್ಜೆ. ಮೊಣಕಾಲೂರಿ ಕೂತು ನೆಲಕ್ಕೆ ಕಿವಿ ಇಟ್ಟೆ. ಒಳಗೆಲ್ಲೋ ಮಣ್ಣು ಜಾರುವ ಸಣ್ಣ ಸದ್ದು, ಯಾರೋ ಮೆಲ್ಲಗೆ ಸಕ್ಕರೆ ಸುರಿದ ಹಾಗೆ. ತೆವಳುತ್ತಲೇ ಬಾಗಿಲವರೆಗೆ ಹಿಂದೆ ಸರಿದೆ. ಹೆಸ್ಟರ್‌ಗೆ ಹೇಳಲಿಲ್ಲ.

ಮೂರನೇ ಭಾನುವಾರ ಚರ್ಚಿನ ಬಾಗಿಲು ತೆರೆಯಿತು. ಹೆಸ್ಟರ್ ಒಳಗೆ ಬಂದು ನೇರ ನನ್ನ ಪಕ್ಕದಲ್ಲಿ ಕೂತಳು. ಅಜ್ಜಿಯರು ಉಸಿರೆಳೆದುಕೊಂಡರು. ಒಬ್ಬಳು ಹೊರಗೆ ಹೋಗು ಮಗಳೇ ಅಂತ ಬೇಡಿಕೊಂಡಳು. ಹೆಸ್ಟರ್ ಗಲ್ಲ ಎತ್ತಿ ಕೂತೇ ಇದ್ದಳು. “ಆ ಹೆಸರನ್ನ ನನ್ನ ಕಿವಿಯಾರೆ ಕೇಳ್ಬೇಕು,” ಅಂತ ಪಿಸುಗುಟ್ಟಿದಳು. ಅವಳ ಕೂದಲಿಂದ ಸೋಪಿನ ವಾಸನೆ ಬರುತ್ತಿತ್ತು. ಅವಳ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ.

ಪಾದ್ರಿ ಹೆಸರು ಕೂಗಿದರು. ಗಾರ್ಸೈಡ್ ಎದ್ದು ನಿಂತರು.

ನಮ್ಮ ಶೆಡ್ ಹೋಗಿದ್ದನ್ನು ಅವರು ಬೆಳಿಗ್ಗೆ ಕಣ್ಣಾರೆ ನೋಡಿ ಬಂದಿದ್ದರಂತೆ. ನನ್ನ ಮಗಳು ಸಾಯ್ತಾಳೆ, ಇದೇ ನನ್ನ ತಕರಾರು ಅಂದರು. ಕಾನೂನು ಪ್ರಕಾರ ಅದು ತಕರಾರಾಗುವುದಿಲ್ಲ ಅಂತ ಪಾದ್ರಿ ತಗ್ಗಿದ ದನಿಯಲ್ಲಿ ಹೇಳಿದರು. ಗಾರ್ಸೈಡ್ ನನ್ನ ಕಡೆ ತಿರುಗಿದರು. ಬೈಯಲಿ ಅಂತ ಕಾದೆ. ಬೈದರೆ ನನಗೆ ಉತ್ತರ ಕೊಡಲು ಬರುತ್ತದೆ.

“ನೆಡ್,” ಅಂದರು. “ಆ ಮನೇಲಿ ಒಂದು ದಿನ, ಒಂದೇ ಒಂದು ದಿನ, ಹೆದರದೆ ಮಲಗಿದ್ದೀಯಾ? ಹೂಂ ಅನ್ನಪ್ಪಾ. ನಾನೇ ಅವಳನ್ನ ಕರ್ಕೊಂಡು ಬಂದು ಬಿಟ್ಟು ಹೋಗ್ತೀನಿ.”

ಹೆಸ್ಟರ್ ನನ್ನನ್ನೇ ನೋಡುತ್ತಿದ್ದಳು. ಹೂಂ ಅನ್ನು ಅಂತ ಅವಳ ಕಣ್ಣು ಹೇಳುತ್ತಿತ್ತು. ಹೂಂ ಅಂದರೆ ನಂಬಿ ಬರುತ್ತಾಳೆ. ಇಲ್ಲ ಅಂದರೂ, ನನ್ನನ್ನು ಒಂಟಿಯಾಗಿ ಬಿಡಲಾರದೆ ಬಂದೇ ಬರುತ್ತಾಳೆ.

ಅವಳ ಕೈಯನ್ನು ನನ್ನ ಕೈಯಿಂದ ಒಂದೊಂದೇ ಬೆರಳಾಗಿ ಬಿಡಿಸಿ ಅವಳ ಮಡಿಲಲ್ಲಿ ಇಟ್ಟೆ. ಎದ್ದೆ. ಇಡೀ ಊರು ನನ್ನ ಬಾಯನ್ನೇ ನೋಡುತ್ತಿತ್ತು. ಬೆಂಚುಗಳ ಮಧ್ಯೆ ನಡೆದು ಬಾಗಿಲು ದಾಟಿ ಹೊರಗೆ ಹೋದೆ, ಅವಳು ಹಿಂದೆ ಬರದ ಹಾಗೆ ಬಾಗಿಲೆಳೆದುಕೊಂಡು.