ಎಡಕ್ಕೆ ಹಾರಿದವನು

"ಹುಡುಗಿಯದ್ದು ಯಾವ ಬಳಿ?" ನಿಶ್ಚಿತಾರ್ಥದ ಚಾಪೆಯ ಮೇಲೆ ಕುಳಿತ ಹಿರಿಯರು ಕೇಳಿದರು.

"ಸಾಲಿಯಾನ್," ಅಂದಳು ಪ್ರೇಮನಾಥನ ಚಿಕ್ಕಮ್ಮ.

"ಹುಡುಗನದ್ದು?"

"ಕುಂದರ್."

"ಹಾಗಾದ್ರೆ ಅಡ್ಡಿ ಇಲ್ಲ. ವೀಳ್ಯ ಬದಲಾಯಿಸಿ."

ಬಾದಾಮಿ ಹಾಲಿನ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಪ್ರೇಮನಾಥನ ಕೈಯಲ್ಲಿ ಅಷ್ಟೂ ಗ್ಲಾಸುಗಳು ಒಟ್ಟಿಗೆ ಸದ್ದು ಮಾಡಿದವು. ಡೊಂಬಿವಲಿ ಸ್ಟೇಷನ್ನಿನ ಎದುರು ಹೋಟೆಲು ನಡೆಸುವವನು, ಒಂದೇ ಕೈಯಲ್ಲಿ ಆರು ದೋಸೆ ತಟ್ಟೆ ಹೊತ್ತು ಬೆಳೆದವನು. ಆ ಸದ್ದಿಗೆ ಒಬ್ಬಳು ಮಾತ್ರ ತಿರುಗಿ ನೋಡಿದಳು. ಹುಡುಗನ ತಂಗಿ ವಿಮಲಾ. ನೋಡಿದವಳೇ ಸೆರಗು ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದಳು.

ಬಳಿ ಅಂದರೆ ಕುಲ, ಅದು ಬರುವುದು ತಾಯಿಯಿಂದ. ಚಿಕ್ಕಮ್ಮನಂತೆ ಪ್ರೇಮನಾಥನದ್ದೂ ಸಾಲಿಯಾನ್. ಒಂದೇ ಬಳಿಯವರು ಅಣ್ಣ ತಂಗಿಯರು, ಅವರ ನಡುವೆ ಮದುವೆಯ ಮಾತೇ ಇಲ್ಲ. ಅಣ್ಣ ಜಯಶೀಲ ಕುಂದರ್ ಆದರೆ ಅದೇ ತಾಯಿಯ ಮಗಳು ವಿಮಲಾ ಬೇರೆ ಇನ್ನೇನಾದಾಳು? ಆದರೆ ಎಂಟು ವರ್ಷದ ಹಿಂದೆ, ಎಪ್ಪತ್ತೆಂಟರ ರಾಖಿ ಹುಣ್ಣಿಮೆಯ ದಿನ, ಅವಳು ಹೋಟೆಲಿಗೆ ಬಂದು, "ನಮ್ಮಮ್ಮನದ್ದೂ ಸಾಲಿಯಾನೇ ಅಂತೆ. ನಾನು ನಿನಗೆ ತಂಗಿ ಆಗ್ಬೇಕು," ಅಂದಿದ್ದಳು. ಅಂದು ಅವನ ಕೈಗೆ ಕೆಂಪು ರಾಖಿ ಕಟ್ಟಿದ್ದಳು. ಕಾಲೇಜಿನ ರಿಜಿಸ್ಟರಿನಲ್ಲಿ ಆ ಅಣ್ಣ ತಂಗಿಯರ ಹೆಸರಿನ ಮುಂದೆ ಇದ್ದದ್ದು ತಂದೆಯ ಬಳಿ ಬಂಗೇರ. ತಾಯಿಯ ಬಳಿ ಯಾವುದೆಂದು ಅವನು ಯಾರ ಮನೆಗೆ ಹೋಗಿ ಕೇಳಬೇಕಿತ್ತು? ನಂಬಿದ. ಮಂಗನಂತೆ ನಂಬಿದ.

ಚಿಕ್ಕಮ್ಮನ ಮಗಳು ರತ್ನಾವತಿಗೆ ಗೊತ್ತಾದ ಗಂಡು ಈ ಜಯಶೀಲ ಎಂದು ಅವನಿಗೆ ತಿಳಿದದ್ದೇ ಅರ್ಧ ಗಂಟೆಯ ಹಿಂದೆ. ಅಷ್ಟರಲ್ಲಿ ಈ ಪೆಟ್ಟು.

ಜಯಶೀಲ ಎಂದರೆ ಅವನಿಗೆ ಒಂದೇ ಒಂದು ಮಧ್ಯಾಹ್ನ ನೆನಪು. ಠಾಣೆಯ ಮೈದಾನ, ಮೊಣಕಾಲವರೆಗೆ ಕೆಸರು, ಫುಟ್ಬಾಲ್ ಸೆಮಿಫೈನಲ್. ಆ ಕಡೆ ಕಲ್ಯಾಣದ ಡೇ ಕಾಲೇಜು, ಅದರ ಕ್ಯಾಪ್ಟನ್ ಜಯಶೀಲ. ಈ ಕಡೆ ಹೋಟೆಲು, ಫ್ಯಾಕ್ಟರಿಗಳಲ್ಲಿ ದುಡಿದು ಸಂಜೆ ಕ್ಲಾಸಿಗೆ ಬರುವ ನೈಟ್ ಕಾಲೇಜಿನ ಹನ್ನೊಂದು ಮಂದಿ. ನಾಲ್ವರಿಗೆ ಬೂಟಿಲ್ಲ. ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊರುವ ಕಲಬುರಗಿಯ ಸೈದಪ್ಪ ಬರಿಗಾಲಲ್ಲೇ ಒಂದು ಗೋಲು ಹೊಡೆದುಬಿಟ್ಟ. ಕೊನೆಯ ಎರಡು ನಿಮಿಷ ಇರುವಾಗ ಕಲ್ಯಾಣದವರಿಗೆ ಪೆನಾಲ್ಟಿ ಸಿಕ್ಕಿತು. ಜಯಶೀಲ ಓಡಿ ಬಂದ. ಗೋಲು ಕಾಯುತ್ತಿದ್ದ ಪ್ರೇಮನಾಥ ಎಡಕ್ಕೆ ಹಾರಿದ. ಚೆಂಡು ಎದೆಗೆ ಬಡಿದು ಅಲ್ಲೇ ನಿಂತಿತು.

ಈ ಎಂಟು ವರ್ಷ ಗಲ್ಲಾದಲ್ಲಿ ಕುಳಿತು ಎಷ್ಟು ಗಿರಾಕಿಗಳಿಗೆ ಹೇಳಿದ್ದನೋ. "ಅವನ ಕಣ್ಣು ನೋಡಿದೆ ಸಾಹೇಬ್ರೇ, ಸಮಜ್ ಗಯಾ, ಎಡಕ್ಕೇ ಅಂತ!"

ಕಣ್ಣೂ ಇಲ್ಲ, ಮಣ್ಣೂ ಇಲ್ಲ. ಹೇಳಿಕೊಟ್ಟವಳು ವಿಮಲಾ.

ಮ್ಯಾಚಿನ ಹಿಂದಿನ ದಿನ ಟೈಪಿಂಗ್ ಕ್ಲಾಸ್ ಮುಗಿಸಿ ಎಂದಿನಂತೆ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕುಳಿತಿದ್ದಳು. ಅವನು ಚಹಾ ಇಟ್ಟು, ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತಿದ್ದ.

"ನಾಳೆ ಎಷ್ಟು ಗೋಲಿನಲ್ಲಿ ಸೋಲುವುದು ಅಂತ ಮಾಡಿದ್ದೀರಿ?"

"ನಿನ್ನ ಅಣ್ಣನಿಗೆ ಎಷ್ಟು ಮನಸ್ಸುಂಟೋ ಅಷ್ಟು."

"ಸೋತವನನ್ನು ನಾನು ಮದುವೆ ಆಗ್ಲಿಕ್ಕಿಲ್ಲ." ಸಾಸರಿನ ಅಂಚಿನ ಮೇಲಿಂದ ನೋಡಿದಳು. ಆ ನೋಟಕ್ಕೆ ಅವನ ಕೈಯ ಬಟ್ಟೆ ನಿಂತೇ ಹೋಯಿತು. ಆಮೇಲೆ ದನಿ ತಗ್ಗಿಸಿ, "ಅಣ್ಣ ಕುತ್ತಿಗೆಯ ತಾಯಿತ ಮುಟ್ಟಿ ಹೊಡೆದ್ರೆ ಬಾಲ್ ಬರುವುದು ಗೋಲ್‌ಕೀಪರನ ಎಡಕ್ಕೆ. ಚಾಳಿನ ಗೋಡೆಗೆ ಹೊಡೆಯುವಾಗ ನಾನೇ ನೋಡಿದ್ದೇನೆ. ಯಾರಿಗೂ ಹೇಳ್ಬಾರ್ದು. ಆಣೆ?"

"ಆಣೆ."

ಹಾಗೆ ಪ್ರೀತಿಸಿದವಳು ಹನ್ನೆರಡೇ ದಿನದಲ್ಲಿ ರಾಖಿ ತಂದಳು! ಆ ರಾಖಿ ಈಗಲೂ ಅವನ ಟ್ರಂಕಿನಲ್ಲಿದೆ. ಅವನಿಗೆ ಮದುವೆಯಾಗಿಲ್ಲ. ಅವಳು ಅಂಬರನಾಥದಲ್ಲಿ ಸಂಸಾರಸ್ಥೆ.

ವೀಳ್ಯ ಬದಲಾದ ಮೇಲೆ, ಹಿಂದಿನ ಗ್ಯಾಲರಿಯ ನಲ್ಲಿಯ ಹತ್ತಿರ ಅವಳು ಗ್ಲಾಸು ತೊಳೆಯುತ್ತಿದ್ದಾಗ ಹೋಗಿ ನಿಂತ.

"ಸುಳ್ಳು ಹೇಳಿದಿ."

"ಹೌದು."

"ರಾಖಿ ಕಟ್ಟಿದಿಯಲ್ಲ ಮಾರಾಯ್ತಿ. ಕೈ ನಡುಗ್ಲಿಲ್ವಾ?"

"ನಡುಗಿತು. ನೀನು ನೆಲ ನೋಡ್ತಿದ್ದಿ."

"ಬೇಡ ಅಂತ ಹೇಳಿದ್ರೆ ಸಾಕಿತ್ತು."

"ಬೇಡ ಅಂದ್ರೆ ಬಿಡ್ತಿದ್ಯಾ? ದಿನಾ ಕ್ಲಾಸಿನ ಮೆಟ್ಟಿಲಲ್ಲಿ ನಿಲ್ತಿದ್ದಿ. ನಾನೂ ಇಳಿದು ಬರ್ತಿದ್ದೆ." ಅವಳು ನಲ್ಲಿ ನಿಲ್ಲಿಸಿದಳು. "ಗೆದ್ದ ಸಂಜೆ ಹೋಟೆಲಿನಲ್ಲಿ ಸೈದಪ್ಪ ಕೇಳಿದ, ಹ್ಯಾಂಗ ಗೊತ್ತಾತೋ ನಿನಗ ಅಂತ. ಏನಂದಿ?"

"ಕಣ್ಣು ನೋಡಿದೆ ಅಂತ..."

"ಅಲ್ಲ. 'ಅವನ ಮನೆಯವರೇ ಹೇಳಿಕೊಟ್ಟದ್ದು' ಅಂದಿ. ಎಲ್ಲರೂ ನಕ್ಕರು. ನಾನು ಪರದೆಯ ಹಿಂದೆ ಇದ್ದೆ. ನಿನಗೆ ಲಡ್ಡು ತಂದಿದ್ದೆ."

ಅವನಿಗೆ ಕೆಸರು ನೆನಪಿತ್ತು, ಬೂಟಿಲ್ಲದ ಕಾಲುಗಳು ನೆನಪಿದ್ದವು. ಈ ಒಂದು ಮಾತು ಎಲ್ಲಿ ಹೋಗಿತ್ತು? ಈಗ ಹಸಿರು ಪರದೆ ನೆನಪಾಯಿತು, ಅದು ಅಲ್ಲಾಡಿದ್ದೂ ನೆನಪಾಯಿತು.

"ಎರಡೇ ದಿನ, ಕಲ್ಯಾಣಕ್ಕೆ ಮುಟ್ಟಿತು. ಆಟಗಾರರಿಗೆ ಕೆಲಸ ಕೊಡುವ ಕಂಪೆನಿ ಟೀಮಿನವರು ಅವತ್ತು ಅಣ್ಣನನ್ನು ನೋಡ್ಲಿಕ್ಕೆಂದೇ ಬಂದಿದ್ರು, ಗೊತ್ತುಂಟಾ? ಅದು ತಪ್ಪಿತು. ಹೇಳಿಕೊಟ್ಟದ್ದು ನೀನಾ ಅಂತ ಕೇಳಿದ. ಅಮ್ಮನ ತಲೆ ಮುಟ್ಟಿ ಅಲ್ಲ ಅಂದೆ. ಅಷ್ಟಾದ ಮೇಲೆ ನಿನ್ನ ಕೈ ಹಿಡಿದು ಯಾವ ಮುಖದಲ್ಲಿ ಅಣ್ಣನ ಮನೆಗೆ ಬರ್ಲಿ?"

"ನಂಬಿದನಾ?"

"ಎಂಟು ವರ್ಷ ಆಯ್ತು. ನನ್ನ ಕೈಯಿಂದ ಒಂದು ಲೋಟ ನೀರು ತಗೊಳ್ಳುವುದಿಲ್ಲ."

ಅವನ ಸಿಟ್ಟು ಇಳಿಯಲಿಲ್ಲ. ತಾನು ಒಂದು ಮಾತು ಜಾರಿದ್ದಕ್ಕೆ ಅವಳು ಕೊಟ್ಟ ಶಿಕ್ಷೆ ಒಂದು ಆಯುಷ್ಯದ್ದು ಅನ್ನಿಸಿತು. ಕೇಳಬಹುದಿತ್ತಲ್ಲ, ಬೈಯಬಹುದಿತ್ತಲ್ಲ! ಅವಳು ತೊಳೆದ ಗ್ಲಾಸುಗಳಿಗೆ ಬಾದಾಮಿ ಹಾಲು ತುಂಬಿ, ಟ್ರೇ ಎತ್ತಿಕೊಂಡು ಒಳಗೆ ನಡೆದಳು. ಅವನೂ ಹಿಂದೆಯೇ ಹೋದ.

"ಓ ಇವನೇ, ನನ್ನ ಪೆನಾಲ್ಟಿ ಹಿಡಿದವನು!" ಜಯಶೀಲ ಹಿರಿಯರಿಗೆಲ್ಲ ಕೇಳುವಂತೆ ಕೂಗಿದ. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. "ಇನ್ನು ಸಂಬಂಧ ಆಯ್ತಲ್ಲ, ಈಗಾದ್ರೂ ಹೇಳು ಮಾರಾಯ. ಹೇಗೆ ಗೊತ್ತಾಯ್ತು?"

ಟ್ರೇ ಹಿಡಿದ ವಿಮಲಾ ನಿಂತಲ್ಲೇ ನಿಂತಳು. ಬೇಡಿಕೊಳ್ಳಲಿಲ್ಲ, ಸುಮ್ಮನೆ ಅವನನ್ನೇ ನೋಡಿದಳು. ಅವನ ನಾಲಿಗೆಯ ತುದಿಯಲ್ಲಿ ಅವಳ ಹೆಸರಿತ್ತು.

"ಎಂತ ಗೊತ್ತಾಗುವುದು?" ಅಂದ ಪ್ರೇಮನಾಥ. "ಹೆದರಿ ಕಣ್ಣು ಮುಚ್ಚಿದ್ದೆ. ಎಡಕ್ಕೆ ಬಿದ್ದೆ. ಬಾಲೂ ಅಲ್ಲಿಗೇ ಬಂತು."

"ಮನೆಯವರು ಹೇಳಿಕೊಟ್ಟದ್ದು ಅಂದಿದ್ದೆಯಂತೆ."

"ಜಂಬ ಭಾವ, ಬರೀ ಜಂಬ. ಬಿದ್ದದ್ದಕ್ಕೆ ಗೆದ್ದೆ ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ಲಿಕ್ಕಿಲ್ವಾ?"

ಚಿಕ್ಕಮ್ಮ ಮೊದಲು ನಕ್ಕಳು, ಆಮೇಲೆ ಹಿರಿಯರು, ಆಮೇಲೆ ಮನೆಯೇ ನಕ್ಕಿತು. ಹೋಟೆಲಿನ ಹಳೇ ಗಿರಾಕಿಯೊಬ್ಬರು, "ಅಂದ್ರೆ ಇಷ್ಟು ವರ್ಷ ನಮಗೆ ಟೋಪಿ ಹಾಕಿದ್ದಾ?" ಅಂದರು. ಜಯಶೀಲ ಮಾತ್ರ ನಗಲಿಲ್ಲ. ತಂಗಿಯ ಮುಖವನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಕೈ ಚಾಚಿ, ಅವಳ ಟ್ರೇಯಿಂದ ಒಂದು ಗ್ಲಾಸು ತೆಗೆದುಕೊಂಡು ಕುಡಿದ.

ವಿಮಲಾ ಎಲ್ಲರಿಗೂ ಕೊಟ್ಟು ಕೊನೆಗೆ ಪ್ರೇಮನಾಥನ ಎದುರು ಬಂದಳು. ಕಣ್ಣು ತುಂಬಿತ್ತು.

"ತಗೊಳ್ಳಿ," ಅಂದಳು. ಅಣ್ಣ ಅನ್ನಲಿಲ್ಲ.

ಅವನು ತೆಗೆದುಕೊಂಡ. ತನ್ನ ಹೋಟೆಲಿನದೇ ಹಾಲು, ಬೆಳಿಗ್ಗೆ ತಾನೇ ಸಕ್ಕರೆ ನೋಡಿದ್ದು. ಆದರೂ ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತ.