ಅಮ್ಮನ ಬಸ್ಸು ನಿಲ್ಲಲಿಲ್ಲ

“ಬಂತು, ಬಂತು! ಬ್ಯಾಗ್ ಮುಂದಕ್ಕೆ ಹಾಕ್ಕೋ!” ಎಂದು ಅಕ್ಕ ಕೂಗಿದಳು.

ಬುಗುರಿ ಬ್ಯಾಗನ್ನು ಬೆನ್ನಿನಿಂದ ಎಳೆದು ಹೊಟ್ಟೆಯ ಮೇಲೆ ಹಾಕಿಕೊಂಡಳು. ಒಂದು ಕಡೆ ಅರೆಗಳಿಗೆಯೂ ನಿಲ್ಲದ ಹುಡುಗಿ ಎಂದು ಮನೆಯಲ್ಲಿ ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದರು. ಐದನೇ ಕ್ಲಾಸಿಗೆ ಬಂದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ.

ಸ್ಟಾಪಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಕಾಲೇಜಿನವರು, ಹೈಸ್ಕೂಲಿನವರು, ಫೈಲು ಹಿಡಿದು ಕೆಲಸ ಹುಡುಕಲು ಹೊರಟವರು, ಎಲ್ಲರೂ ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕುತ್ತಿದ್ದರು. ಹೋದ ವರ್ಷ ರಸ್ತೆಯ ಆಚೆ ಬರೀ ಬಯಲಿತ್ತು. ಈಗ ಅಲ್ಲಿ ಸಾಲುಸಾಲು ಕಟ್ಟಡ, ಬಾಲ್ಕನಿ ಬಾಲ್ಕನಿಯಲ್ಲೂ ಒಣಗುತ್ತಿರುವ ಯೂನಿಫಾರಂ. ಜನ ಬಂದರು, ಕಟ್ಟಡಗಳು ಬಂದವು. ಬಸ್ಸು ಮಾತ್ರ ಮೊದಲಿದ್ದಷ್ಟೇ.

ಬಸ್ಸು ಹತ್ತಿರ ಬಂತು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಸ್ಟೀರಿಂಗಿನ ಹಿಂದೆ ಖಾಕಿ ಅಂಗಿ ತೊಟ್ಟು ಕೂತಿದ್ದವಳು ಅಮ್ಮ!

“ಅಕ್ಕಾ, ಇವತ್ತು ನಮ್ಮಮ್ಮನ ಬಸ್ಸೇ ಕಣೇ!” ಬುಗುರಿ ಎರಡೂ ಕೈ ಎತ್ತಿ ಬೀಸಿದಳು. “ಅಮ್ಮಾ! ಇಲ್ಲಿ!”

ಅಮ್ಮ ಇವರನ್ನು ನೋಡಿದಳು. ಖಂಡಿತ ನೋಡಿದಳು. ಆಮೇಲೆ ಮುಖ ಮುಂದಕ್ಕೆ ಮಾಡಿಕೊಂಡಳು. ಬಸ್ಸು ಸ್ವಲ್ಪ ನಿಧಾನವಾದಂತೆ ಮಾಡಿ, ಮತ್ತೆ ಜೋರಾಗಿ, ಧೂಳೆಬ್ಬಿಸಿಕೊಂಡು ಹೋಗಿಯೇಬಿಟ್ಟಿತು.

“ಥತ್! ಆ ಡ್ರೈವರಮ್ಮಂಗೆ ಕಣ್ಣು ಕಾಣ್ಸಲ್ವಾ?” ಎಂದು ಹಿಂದಿನಿಂದ ಯಾರೋ ಬೈದರು.

“ಕಾಣ್ಸುತ್ತೆ, ಕಾಣ್ಸುತ್ತೆ. ಸೊಕ್ಕು ಅಷ್ಟೇ!”

ಬುಗುರಿಯ ಕಿವಿ ಬಿಸಿಯಾಯಿತು. ಅಕ್ಕ ಈಗ ತಿರುಗಿ ಅವರಿಗೆ ಸರಿಯಾಗಿ ಕೊಡುತ್ತಾಳೆ ಎಂದು ಕಾದಳು. ಅಕ್ಕ ಕರ್ಚೀಫಿನಿಂದ ಮುಖದ ಧೂಳು ಒರೆಸಿಕೊಂಡಳು. ಹಲ್ಲು ಕಚ್ಚಿಕೊಂಡೇ ಹೇಳಿದಳು: “ಹೌದು. ಸೊಕ್ಕೇ.”

ಆ ದಿನ ಬುಗುರಿ ಮೊದಲನೇ ಪೀರಿಯಡ್ ಪೂರ್ತಿ ಕ್ಲಾಸಿನ ಹೊರಗೆ ನಿಂತಳು. ಒಳಗೆ ಬಂದಾಗ ಬೆಂಚಿನ ಗೆಳತಿ ದೊಡ್ಡ ದನಿಯಲ್ಲಿ, “ನಿಮ್ಮಮ್ಮನೇ ಬಸ್ ಓಡ್ಸೋದು, ನೀನೇ ಲೇಟು!” ಎಂದಳು. ಇಡೀ ಕ್ಲಾಸು ನಕ್ಕಿತು.

*

ಸಂಜೆ ಅಮ್ಮ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಕ್ಕ ಶುರು ಮಾಡಿದಳು.

“ನಮ್ಮನ್ನ ನೋಡಿದ್ಯೋ ಇಲ್ವೋ, ಅಷ್ಟು ಹೇಳು.”

“ನೋಡ್ದೆ.”

“ಮತ್ತೆ? ಇವತ್ತು ನಂಗೆ ಲ್ಯಾಬ್ ಟೆಸ್ಟ್ ಇತ್ತು. ಬಾಗಿಲು ಹಾಕ್ಬಿಟ್ಟಿದ್ರು. ಹೊರಗಿಂದ್ಲೇ ವಾಪಸ್ ಬಂದೆ.”

ಅಮ್ಮ ಖಾಕಿ ಅಂಗಿಯನ್ನು ಮೊಳೆಗೆ ಸಿಕ್ಕಿಸಿದಳು. ಅದರ ಬೆನ್ನು ಬೆವರಿಗೆ ಪೂರ್ತಿ ಒದ್ದೆಯಾಗಿತ್ತು. “ಬಾಗಿಲಲ್ಲಿ ಎಷ್ಟು ಜನ ನೇತಾಡ್ತಿದ್ರು ನೋಡ್ಲಿಲ್ವಾ? ನಾನು ನಿಲ್ಲಿಸಿದ್ರೆ ಇನ್ನಷ್ಟು ಜನ ನೇತಾಡ್ತಾರೆ. ಹೋದ ತಿಂಗಳು ಇನ್ನೊಂದು ರೂಟಲ್ಲಿ ಒಬ್ಬ ಹುಡುಗ ಬಿದ್ದ. ನಿನ್ನ ವಯಸ್ಸೇ. ಆ ಡ್ರೈವರ್ ಇನ್ನೂ ಸರಿಯಾಗಿ ನಿದ್ದೆ ಮಾಡಲ್ಲ ಗೊತ್ತಾ?”

“ಹಾಗಾದ್ರೆ ನಾವೇನ್ ಹಾರ್ಕೊಂಡು ಹೋಗ್ಬೇಕಾ? ಸಾಕಾಗಿದೆ. ನಾಳೆ ನಾವೆಲ್ಲ ರಸ್ತೇಲೇ ಕೂತ್ಕೋತೀವಿ. ಬಸ್ ಜಾಸ್ತಿ ಮಾಡೋ ತನಕ ಏಳಲ್ಲ.”

“ಯಾರ ಬಸ್ ಮುಂದೆ ಕೂತ್ಕೋತೀಯಾ? ನನ್ನದಾ?”

“ಯಾವುದು ಮೊದ್ಲು ಬರುತ್ತೋ ಅದು!”

ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಪ್ಪ ತಲೆ ಎತ್ತಿ, “ಒಂದ್ನಿಮಿಷ, ನಾನೊಂದು ಮಾತು...” ಎಂದ.

“ನೀವು ಸುಮ್ನಿರಿ!” ಎಂದರು ಅಮ್ಮ, ಅಕ್ಕ ಇಬ್ಬರೂ ಒಟ್ಟಿಗೆ. ಆ ಸಂಜೆ ಅವರಿಬ್ಬರೂ ಒಪ್ಪಿದ್ದು ಅದೊಂದೇ ವಿಷಯ.

ಅಪ್ಪ ಸುಮ್ಮನೆ ಯಂತ್ರ ತುಳಿಯತೊಡಗಿದ. ಬುಗುರಿ ತಟ್ಟೆಯಲ್ಲಿದ್ದುದನ್ನು ಬೆರಳಲ್ಲಿ ಕಲಸುತ್ತ ಕೂತಳು. ಅಮ್ಮ ಹೇಳಿದ್ದು ಕೇಳಿದರೆ ಅಮ್ಮನೇ ಸರಿ ಅನ್ನಿಸುತ್ತಿತ್ತು. ಅಕ್ಕ ಹೇಳಿದ್ದು ಕೇಳಿದರೆ ಅಕ್ಕನೇ ಸರಿ. ಇಬ್ಬರೂ ಸರಿಯಿದ್ದರೆ ಇಬ್ಬರಿಗೂ ಸಿಟ್ಟು ಯಾಕೆ?

ಮಲಗುವ ಮುಂಚೆ ಅಮ್ಮ ಅಪ್ಪನಿಗೆ ಹೇಳಿದಳು: “ನಾಳೆ ಸ್ಟಾಪಲ್ಲಿ ಗಲಾಟೆ ಆಗುತ್ತೆ. ಚಿಕ್ಕವಳು ಅಲ್ಲಿರೋದು ಬೇಡ. ನನ್ ಜೊತೆ ಡಿಪೋಗೇ ಬರ್ಲಿ. ನಾನೇ ಸ್ಕೂಲ್ ಹತ್ರ ಇಳಿಸ್ತೀನಿ.”

*

ಡಿಪೋದಿಂದ ಹೊರಟಾಗ ಬಸ್ಸು ಖಾಲಿ. ಬುಗುರಿ ಡ್ರೈವರ್ ಸೀಟಿನ ಹಿಂದೆಯೇ ಕಿಟಕಿ ಹಿಡಿದು ರಾಣಿಯ ಹಾಗೆ ಕೂತಳು. ಕಂಡಕ್ಟರ್ ಮಾವ ಬಂದು, “ಮೇಡಮ್, ಟಿಕೆಟ್?” ಎಂದು ಕಣ್ಣು ಮಿಟುಕಿಸಿದ. ಅವಳು ಕಿಸಕ್ಕನೆ ನಕ್ಕಳು.

ನಗು ಎರಡನೇ ಸ್ಟಾಪಿನ ತನಕ ಇತ್ತು. ಅಲ್ಲಿ ಜನ ನುಗ್ಗಿದರು. ಮೂರನೆಯದರಲ್ಲಿ ಇನ್ನಷ್ಟು. ಯಾರದೋ ಟಿಫಿನ್ ಡಬ್ಬಿ ಬುಗುರಿಯ ಕೆನ್ನೆಗೆ ಒತ್ತಿತು. ಇನ್ಯಾರದೋ ಮೊಣಕೈ ತಲೆಯ ಮೇಲೆಯೇ ಕೂತಿತು. ಕಿಟಕಿ ಇದ್ದರೂ ಗಾಳಿ ಇಲ್ಲ.

“ಬಾಗಿಲಲ್ಲಿರೋರು ಒಳಗೆ ಬರ್ರಪ್ಪಾ, ನಿಮ್ಗೆ ಕೈ ಮುಗೀತೀನಿ!” ಎಂದು ಅಮ್ಮ ಕೂಗಿದಳು.

“ಒಳಗೆಲ್ಲಿದೆ ಜಾಗ? ನಿಮ್ಮ ತಲೆ ಮೇಲಾ?” ಎಂದು ಬಾಗಿಲಿನವರು ಕೂಗಿದರು.

ಮುಂದಿನ ಸ್ಟಾಪಿನಲ್ಲಿ ಅಮ್ಮ ನಿಲ್ಲಿಸಲಿಲ್ಲ. ಯೂನಿಫಾರಂ ತೊಟ್ಟ ಒಬ್ಬ ಪುಟ್ಟ ಹುಡುಗ ಬಸ್ಸಿನ ಪಕ್ಕೆಗೆ ಬಡಿಯುತ್ತ ಸ್ವಲ್ಪ ದೂರ ಓಡಿಬಂದ. ಬುಗುರಿ ಅಮ್ಮನ ಮುಂದಿದ್ದ ಕನ್ನಡಿಯನ್ನು ನೋಡಿದಳು. ಕನ್ನಡಿಯೊಳಗೆ ಅಮ್ಮನ ತುಟಿ ಅಲುಗುತ್ತಿತ್ತು. ಬುಗುರಿ ಮುಂದೆ ಬಾಗಿ ಕಿವಿಗೊಟ್ಟಳು.

“ಜಾಗ ಇಲ್ಲ ಮಗಾ. ಜಾಗ ಇಲ್ಲ ಕಣಪ್ಪಾ.”

ಅದರ ಮುಂದಿನ ಸ್ಟಾಪಿನಲ್ಲೂ ಅಮ್ಮ ಹಾಗೆಯೇ ಹೇಳಿಕೊಂಡಳು. ಹೊರಗಿನವರಿಗೆ ಅದು ಕೇಳುವ ಹಾಗೇ ಇರಲಿಲ್ಲ. ನಿನ್ನೆ ತನಗೂ ಕೇಳಿರಲಿಲ್ಲ ಎಂದು ಬುಗುರಿಗೆ ಆಗ ಹೊಳೆಯಿತು.

ತಿರುವು ದಾಟಿದ್ದೇ ತಡ, ಅಮ್ಮ ಬ್ರೇಕ್ ಒತ್ತಿದಳು. ಎಲ್ಲರೂ ಒಬ್ಬರ ಮೇಲೊಬ್ಬರು ವಾಲಿದರು.

ಇವರ ಮನೆಯ ಸ್ಟಾಪಿನ ಮುಂದೆ ರಸ್ತೆಯೇ ಕಾಣುತ್ತಿರಲಿಲ್ಲ. ಅಷ್ಟು ಹುಡುಗರು, ಅಷ್ಟು ಹುಡುಗಿಯರು. “ಬಸ್ ಕೊಡಿ! ಬಸ್ ಕೊಡಿ!” ಎಂದು ಚಪ್ಪಾಳೆ ತಟ್ಟಿಕೊಂಡು ಕೂಗುತ್ತಿದ್ದರು. ಮುಂದಿನ ಸಾಲಿನಲ್ಲೇ, ಚಕ್ಕಳಮಕ್ಕಳ ಹಾಕಿಕೊಂಡು, ಅಕ್ಕ.

ಅಮ್ಮನೂ ಅಕ್ಕನೂ ಗಾಜಿನ ಆಚೆ ಈಚೆಯಿಂದ ಒಬ್ಬರನ್ನೊಬ್ಬರು ನೋಡಿದರು. ಇಬ್ಬರೂ ಕಣ್ಣು ಕೆಳಗೆ ಮಾಡಲಿಲ್ಲ.

“ಓಡ್ಸಮ್ಮಾ, ಅವರೇ ಎದ್ದು ಓಡ್ತಾರೆ!” ಎಂದ ಹಿಂದಿನಿಂದ ಒಬ್ಬ.

“ಅಲ್ಲಿ ಕೂತಿರೋದು ಮಕ್ಕಳು ಕಣ್ರೀ,” ಎಂದಳು ಅಮ್ಮ. ಎಂಜಿನ್ ಆಫ್ ಮಾಡಿದಳು.

ಒಳಗಿದ್ದವರು ಬೈಯತೊಡಗಿದರು. ಹೊರಗಿದ್ದವರು ಬಸ್ಸನ್ನು ಮುತ್ತಿದರು. ಹಿಂದೆ ನಿಂತ ಗಾಡಿಗಳ ಹಾರ್ನ್ ಬೇರೆ. ರಸ್ತೆಯ ಆ ತುದಿಯಲ್ಲಿ ಪೊಲೀಸ್ ವ್ಯಾನೊಂದು ಬಂದು ನಿಂತಿತು. ಅದರಿಂದ ಲಾಠಿ ಹಿಡಿದವರು ಇಳಿದು ಸಾಲಾಗಿ ನಿಲ್ಲತೊಡಗಿದರು.

ಆಗ ಗಾಜು ಒಡೆಯಿತು.

ಕಲ್ಲು ಎಲ್ಲಿಂದ ಬಂತೋ ಬುಗುರಿ ನೋಡಲಿಲ್ಲ. ಸದ್ದಷ್ಟೇ ಕೇಳಿಸಿತು. ಮುಂದಿನ ಗಾಜಿನಲ್ಲಿ ಒಂದು ತೂತು, ಸುತ್ತ ಜೇಡರ ಬಲೆಯಂತೆ ಬಿರುಕು. ಅಮ್ಮ ಹಣೆ ಹಿಡಿದುಕೊಂಡಿದ್ದಳು. ಬೆರಳ ಸಂದಿಯಿಂದ ಕೆಂಪಗೆ ಇಳಿಯುತ್ತಿತ್ತು.

“ಹೊಡೀರಿ ಅವ್ರಿಗೆ!” ಎಂದು ಬಸ್ಸಿನೊಳಗಿನವರು ಬಾಗಿಲ ಕಡೆ ನುಗ್ಗಿದರು. ಹೊರಗೆ ಇನ್ನೂ ನಾಲ್ಕಾರು ಕೈಗಳು ಕಲ್ಲಿಗೆ ಬಗ್ಗಿದವು. ಲಾಠಿಯವರು ಓಡಿಬರತೊಡಗಿದರು. ಎಲ್ಲರೂ ಕೂಗುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ.

“ಅಮ್ಮಂಗೆ ರಕ್ತ! ಅಮ್ಮಂಗೆ ರಕ್ತ ಬರ್ತಿದೆ!” ಎಂದು ಬುಗುರಿ ಅರಚಿದಳು. ಆ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅವಳು ಸೀಟಿನ ಸಂದಿಯಿಂದ ನುಸುಳಿದಳು. ಅಮ್ಮನ ತೋಳಿನ ಕೆಳಗೆ ಕೈ ತೂರಿಸಿ, ಎರಡೂ ಅಂಗೈಯಿಂದ ಹಾರ್ನ್ ಒತ್ತಿದಳು. ಒತ್ತಿದ್ದು ಬಿಡಲೇ ಇಲ್ಲ.

ಪ್ಯಾಂ... ಎಂದು ಬಸ್ಸು ಕೂಗಿತು. ಕೂಗುತ್ತಲೇ ಇತ್ತು. ಹೊರಗಿನವರು ಕಿವಿ ಮುಚ್ಚಿಕೊಂಡರು. ಒಳಗಿನವರು ತಿರುಗಿ ನೋಡಿದರು. ಬಗ್ಗಿದ ಕೈಗಳು ಹಾಗೇ ನಿಂತವು. ಓಡಿಬರುತ್ತಿದ್ದ ಲಾಠಿಗಳೂ ನಿಧಾನವಾದವು.

ಬುಗುರಿ ಕೈ ತೆಗೆದಳು. ರಸ್ತೆ ಗಪ್‌ಚುಪ್. ಆ ನಿಶ್ಶಬ್ದದಲ್ಲಿ ಅವಳು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು.

“ಅಕ್ಕಾ! ಅಮ್ಮಂಗೆ ಏಟಾಗಿದೆ, ಬಾರೇ!”

ಅಕ್ಕ ಆಗಲೇ ಎದ್ದಿದ್ದಳು. ಗುಂಪಿಗೆ ಗುಂಪೇ ಎರಡು ಭಾಗವಾಗಿ ಅವಳಿಗೆ ದಾರಿ ಬಿಟ್ಟಿತು. “ಅವಳಮ್ಮನಾ? ಡ್ರೈವರ್ ಅವಳಮ್ಮನಾ?” ಎಂಬ ಪಿಸುಮಾತು ಸಾಲಿನಿಂದ ಸಾಲಿಗೆ ಹೋಯಿತು. ಅಕ್ಕ ಡ್ರೈವರ್ ಬಾಗಿಲಿಂದ ಹತ್ತಿ, ಕರ್ಚೀಫನ್ನು ಅಮ್ಮನ ಹಣೆಗೆ ಒತ್ತಿ ಹಿಡಿದಳು.

“ನಾವ್ಯಾರೂ ಕಲ್ಲು ಹೊಡಿಯೋಣ ಅಂತ ಬಂದಿರ್ಲಿಲ್ಲಮ್ಮಾ.”

“ಗೊತ್ತು. ಜೋರಾಗಿ ಒತ್ತಬೇಡ, ಉರಿಯುತ್ತೆ,” ಎಂದಳು ಅಮ್ಮ.

ಗುಂಪಿನ ಮಧ್ಯೆ ಒಬ್ಬ ಹುಡುಗ ಒಂಟಿಯಾಗಿ ನಿಂತಿದ್ದ. ಸುತ್ತಲಿನವರು ಅವನಿಂದ ದೂರ ಸರಿದಿದ್ದರು. “ನಾನು... ಗಾಜಿಗೆ ಹೊಡೆದಿದ್ದು. ನಿಮಗಲ್ಲ ಆಂಟಿ,” ಎಂದ.

ಅಮ್ಮ ಬಸ್ಸಿನಿಂದ ಇಳಿದು ಅವನನ್ನು ನೋಡಿದಳು. “ಗಾಜಿನ ಹಿಂದೆ ನಾನೇ ಅಲ್ವೇನಪ್ಪಾ ಇರೋದು?”



ಅಷ್ಟರಲ್ಲಿ ಡಿಪೋದ ಸಾಹೇಬರ ಜೀಪೂ ಬಂತು. ಪೊಲೀಸರು ಪಕ್ಕಕ್ಕೆ ನಿಂತರು. ಸಾಹೇಬರು ಇಳಿದವರೇ, “ಏನಮ್ಮಾ ಇದು? ಮೊದ್ಲು ಬಸ್ ತೆಗಿ. ಇವರನ್ನೆಲ್ಲ ಎಬ್ಬಿಸೋದು ಅವರು ನೋಡ್ಕೋತಾರೆ,” ಎಂದು ಪೊಲೀಸರ ಕಡೆ ಕೈ ತೋರಿಸಿದರು.

ಅಮ್ಮ ಲಾಠಿಗಳನ್ನು ನೋಡಿದಳು. ಅಕ್ಕನನ್ನು ನೋಡಿದಳು. ಆಮೇಲೆ ಖಾಕಿ ಅಂಗಿಯನ್ನು ಕೆಳಕ್ಕೆ ಎಳೆದುಕೊಂಡು, ಮುಂದಿನ ಸಾಲಿನಲ್ಲಿ ಅಕ್ಕ ಕೂತಿದ್ದ ಜಾಗಕ್ಕೆ ಹೋಗಿ ಕೂತುಬಿಟ್ಟಳು.

“ನಂಗೂ ಇನ್ನೊಂದು ಬಸ್ ಬೇಕು ಸರ್,” ಎಂದಳು. “ನೇತಾಡೋ ಮಕ್ಕಳನ್ನ ಇಟ್ಕೊಂಡು ಓಡ್ಸಕ್ಕೆ ನನ್ ಕೈಲಿ ಆಗಲ್ಲ.”

ಬುಗುರಿ ಇಳಿದು ಅಮ್ಮನ ಪಕ್ಕದಲ್ಲಿ ಕೂತಳು. ಅಕ್ಕ ಆ ಕಡೆ ಕೂತಳು. ಕಂಡಕ್ಟರ್ ಮಾವ ಟಿಕೆಟ್ ಮೆಷಿನ್ ತಬ್ಬಿಕೊಂಡು ಬಂದು, “ಸ್ವಲ್ಪ ಸರೀರಮ್ಮಾ,” ಎಂದ. ಬಸ್ಸಿನೊಳಗೆ ಬೈಯುತ್ತಿದ್ದವರಲ್ಲಿ ಕೆಲವರು ಗೊಣಗುತ್ತ ನಡೆದು ಹೋದರು. ಕೆಲವರು ಬಂದು ಕೂತರು. ಹಿಂದಿನ ಬಸ್ಸಿನ ಡ್ರೈವರೂ ಇಳಿದು ಬಂದ.

ಸಾಹೇಬರು ಬೆವರು ಒರೆಸಿಕೊಂಡರು. ಫೋನಿನಲ್ಲಿ ಯಾರ ಜೊತೆಗೋ ತುಂಬ ಹೊತ್ತು ಮಾತಾಡಿದರು. ಕೊನೆಗೆ, “ನಿಮ್ಮಲ್ಲೇ ಕೆಲವರು ಸೋಮವಾರ ಆಫೀಸಿಗೆ ಬನ್ನಿ, ಕೂತು ಮಾತಾಡೋಣ,” ಎಂದರು. “ಮೊದ್ಲು ಇವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ.”

*

ಅಮ್ಮನ ಹಣೆಗೆ ಹೊಲಿಗೆ ಬಿತ್ತು. “ನಂಗೆ ಹೇಳಿದ್ರೆ ಇನ್ನೂ ಸಣ್ಣದಾಗಿ ಹೊಲೀತಿದ್ದೆ,” ಎಂದು ಅಪ್ಪ ತಮಾಷೆ ಮಾಡಿದ. ಆದರೆ ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಕಲ್ಲು ಹೊಡೆದವನ ಮೇಲೆ ಅಮ್ಮ ದೂರು ಕೊಡಲಿಲ್ಲ. ಬಸ್ಸು ಬಿಟ್ಟು ಇಳಿದದ್ದಕ್ಕೆ ಅಮ್ಮನಿಗೆ ಒಂದು ವಾರ ಡ್ಯೂಟಿ ಇಲ್ಲ ಎಂದು ಡಿಪೋದಿಂದ ಹೇಳಿ ಕಳಿಸಿದರು. ಅದೇ ಡಿಪೋದವರು ಶನಿವಾರದಿಂದ ಈ ಸ್ಟಾಪಿನಿಂದಲೇ ಹೊರಡುವ ಒಂದು ಬಸ್ಸನ್ನೂ ಬಿಟ್ಟರು. ಒಂದೇ ಒಂದು, ಬೆಳಿಗ್ಗೆ ಮಾತ್ರ. “ಒಂದು ಸಾಲಲ್ಲ,” ಎಂದಳು ಅಕ್ಕ. “ಸಾಲಲ್ಲ,” ಎಂದಳು ಅಮ್ಮ. ಈ ಸಲ ಇಬ್ಬರಿಗೂ ಸಿಟ್ಟಿರಲಿಲ್ಲ.

ಭಾನುವಾರ ಮನೆಯ ಒಂದೇ ಕೋಣೆಯಲ್ಲಿ ಹದಿನೈದು ಜನ ಕೂತಿದ್ದರು. ಅಕ್ಕನ ಗೆಳತಿಯರು, ಕಂಡಕ್ಟರ್ ಮಾವ, ಹಿಂದಿನ ಬಸ್ಸಿನ ಡ್ರೈವರ್. ಅಪ್ಪನ ಹೊಲಿಗೆ ಯಂತ್ರದ ಮೇಲೆ ಟೀ ಲೋಟಗಳು. ಸೋಮವಾರ ಸಾಹೇಬರಿಗೆ ಏನು ಹೇಳಬೇಕು ಎಂದು ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು.

ಬುಗುರಿ ಬಾಗಿಲ ಹತ್ತಿರ ಕೂತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಯಾರೋ ನಿಂತಂತಾಯಿತು. ನೋಡಿದರೆ ಅದೇ ಹುಡುಗ, ಕಲ್ಲು ಹೊಡೆದವನು. ಒಳಗೆ ಬರಲೂ ಆಗದೆ, ವಾಪಸ್ ಹೋಗಲೂ ಆಗದೆ ನಿಂತಿದ್ದ.

“ಯಾಕೆ ಹೊಡೆದೆ?” ಎಂದು ಬುಗುರಿ ಕೇಳಿಯೇಬಿಟ್ಟಳು.

ಹುಡುಗ ಗೋಡೆ ನೋಡಿದ. “ಹಿಂದಿನ ದಿನ ನಂಗೆ ಇಂಟರ್‌ವ್ಯೂ ಇತ್ತು. ಮೊದಲನೇ ಕೆಲಸ. ಅಣ್ಣನ ಶರ್ಟ್ ಇಸ್ತ್ರಿ ಮಾಡಿ ಹಾಕ್ಕೊಂಡು ಬಂದಿದ್ದೆ. ಒಂದು ಬಸ್ಸೂ ನಿಲ್ಲಲಿಲ್ಲ. ನಡ್ಕೊಂಡು ಹೋಗೋಷ್ಟರಲ್ಲಿ ಮುಗಿದೋಗಿತ್ತು.” ಆಮೇಲೆ, “ಹಾಗಂತ ಹೊಡೀಬಾರ್ದಿತ್ತು,” ಎಂದ.

ಬುಗುರಿ ಅವನನ್ನು ಸರಿಯಾಗಿ ನೋಡಿದಳು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಅಕ್ಕನಿಗಿಂತ ದೊಡ್ಡವನೇನೂ ಅಲ್ಲ.

“ಯಾರೇ ಅದು ಬಾಗಿಲಲ್ಲಿ, ಇಂಟರ್‌ವ್ಯೂ ತಪ್ಪಿತು ಅಂತಿರೋದು?” ಎಂದು ಒಳಗಿನಿಂದ ಅಮ್ಮ ಕೇಳಿದಳು. ಹಣೆಯ ಪಟ್ಟಿಯನ್ನು ಮುಟ್ಟಿಕೊಂಡು ಕತ್ತು ಚಾಚಿ ನೋಡಿದಳು. ಗುರುತು ಹಿಡಿದಳು.

“ಒಳಗೆ ಬಾಪ್ಪಾ. ಇಂಟರ್‌ವ್ಯೂ ತಪ್ಪಿದ್ದು ಸೋಮವಾರ ನೀನೇ ಹೇಳ್ಬೇಕು,” ಎಂದಳು.

“ಎಲ್ಲಿ ಕೂರ್ಸೋದು? ಕೋಣೆ ಫುಲ್!” ಎಂದ ಕಂಡಕ್ಟರ್ ಮಾವ.

ಯಾರೂ ಅಲುಗಲಿಲ್ಲ. ಅಕ್ಕನೂ ಕೂಡ. ಹುಡುಗ ಹೊಸ್ತಿಲಲ್ಲೇ ನಿಂತ, ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದು ಬಿಡದೆ.

ಬುಗುರಿ ಮಂಡಿ ಮಡಚಿಕೊಂಡಳು. ಗೋಡೆಗೆ ಬೆನ್ನು ಒತ್ತಿ, ಎಷ್ಟಾಗುತ್ತೋ ಅಷ್ಟು ಸರಿದಳು. ಒಬ್ಬರು ಕೂರುವಷ್ಟು ನೆಲ ಕಾಣಿಸಿತು.

ಅವನು ಎರಡನೇ ಚಪ್ಪಲಿಯನ್ನೂ ಬಿಟ್ಟ.